ಲಾಭವಿಲ್ಲದ ಸುಳ್ಳು

ಪ್ರಬಂಧದ ನಾಲ್ಕನೆಯ ಪುಟದಲ್ಲಿ, ಕೋಷ್ಟಕಕ್ಕೂ ಅದರ ವಿವರಣೆಗೂ ನಡುವೆ ಇಕ್ಕಟ್ಟಾಗಿದ್ದ ಒಂದು ವಾಕ್ಯದೊಳಗೆ ತನ್ನ ತಾಯಿ ಕುಳಿತಿರುವುದನ್ನು ಕಾಂತರಾಜು ಆ ಶನಿವಾರ ಬೆಳಿಗ್ಗೆ, ಸ್ನಾನ ಮುಗಿಸಿ ಪೂಜೆಗೆ ಕೂರುವ ಮುನ್ನ, ಕಂಡನು. ಇಂಗ್ಲಿಷಿನಲ್ಲಿದ್ದ ಆ ವಾಕ್ಯದ ತಾತ್ಪರ್ಯ ಇಷ್ಟು: ಹಾರನಹಳ್ಳಿಯ ಶಿಬಿರದಲ್ಲಿ ಎಪ್ಪತ್ತು ದಾಟಿದ ಸ್ತ್ರೀಯೊಬ್ಬರು ಪ್ರಶ್ನೆ ಕೇಳಿದವಳ ಗಲ್ಲ ಸವರಿ, ತಮ್ಮ ಕೆನ್ನೆಗಳ ಬಳಿ ಬೆರಳು ಮಡಿಸಿ ನೆಟಿಕೆ ಮುರಿದು, ತಮ್ಮ ತಿಂಡಿ ಆಯಿತೆಂದೂ ಕೇಳಿದವಳೇ ಸೊರಗಿ ಕಡ್ಡಿಯಾಗಿದ್ದಾಳೆಂದೂ ನುಡಿದರು, ಇಡೀ ಅಧ್ಯಯನದಲ್ಲಿ ಇಷ್ಟು ನಿರಾಯಾಸವಾದ ಸುಳ್ಳು ಮತ್ತೊಂದಿಲ್ಲ. ಹೆಸರು ಕೊಟ್ಟಿರಲಿಲ್ಲ. ಆದರೆ ಹಾರನಹಳ್ಳಿಯಲ್ಲಿ ಗುರುತಿಲ್ಲದ ಹೆಣ್ಣುಮಗಳ ದೃಷ್ಟಿ ತೆಗೆದು, ಎತ್ತಿದ ಕೈ ಇಳಿಸುವ ಮೊದಲೇ ಅವಳ ಮೈಕಟ್ಟನ್ನು ಹಳಿಯುವ ವೃದ್ಧೆ ಶಿವನಂಜಮ್ಮನಲ್ಲದೆ ಇನ್ನಾರು? ಕಳೆದ ಕಾರ್ತಿಕದಲ್ಲಿ ಅವಳು ಆ ಶಿಬಿರಕ್ಕೆ ಹೋಗಿದ್ದಳು. ಹೋಗಲೇಬೇಕೆಂದು ಹುಣಸೂರಿನಿಂದ ಫೋನು ಮಾಡಿ ಒತ್ತಾಯಿಸಿದವನು ಮಗನಾದ ತಾನೇ.

ಪ್ರಯೋಗ ಸರಳವಾಗಿತ್ತು. ಸಕ್ಕರೆ ಕಾಯಿಲೆಯ ಉಚಿತ ತಪಾಸಣೆಯೆಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಶಿಬಿರ ನಡೆಸಿ, ಬರುವವರು ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದೆಂದು ಹಿಂದಿನ ದಿನವೇ ಸಾರಿಸಿದ್ದರು. ಶಾಮಿಯಾನದ ಬಾಗಿಲಲ್ಲಿ ಒಬ್ಬ ಯುವತಿ, ಶಿಬಿರಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ನಿಂತು, ಒಳಹೋಗುವವರನ್ನು 'ತಿಂಡಿ ಆಯ್ತಾ?' ಎಂದು ಕೇಳುವುದು. ಒಳಗೆ ಮೇಜಿನ ಬಳಿ ನರ್ಸು 'ಬೆಳಗ್ಗೆಯಿಂದ ಏನೂ ತಿಂದಿಲ್ಲ ತಾನೆ?' ಎಂದು ಕೇಳುವುದು. ಬಾಗಿಲಲ್ಲಿ ಆಯಿತೆಂದೂ ಮೇಜಿನ ಬಳಿ ಇಲ್ಲವೆಂದೂ ಹೇಳಿದವರು ಬಾಗಿಲಲ್ಲಿ ಸುಳ್ಳಾಡಿದವರೆಂದು ತೀರ್ಮಾನ. ಬಂದವರಲ್ಲಿ ಬಹುಪಾಲು ಜನ ಹಾಗೆಯೇ ಹೇಳಿದ್ದರು. ಅದರಿಂದ ಅವರಿಗೆ ಯಾವ ಪ್ರಯೋಜನವೂ ಇರಲಿಲ್ಲವಾದ್ದರಿಂದ ಪ್ರಬಂಧದ ಶೀರ್ಷಿಕೆ 'ಲಾಭವಿಲ್ಲದ ಸುಳ್ಳು' ಎಂದಿತ್ತು. ಲೇಖಕಿ ಮೈಸೂರಿನ ಡಾಕ್ಟರ್ ಆಯೇಷಾ. ನಾಲ್ಕು ತಾಲ್ಲೂಕುಗಳ ಮನಃಶಾಸ್ತ್ರದ ಅಧ್ಯಾಪಕರು ತಿಂಗಳಿಗೊಮ್ಮೆ ಕೆ.ಆರ್. ನಗರದ ಕಾಲೇಜೊಂದರಲ್ಲಿ ಕಲೆತು, ಪ್ರಕಟವಾದ ಒಂದು ಪ್ರಯೋಗವನ್ನು ಓದಿ ಅದರ ಗುಣದೋಷಗಳನ್ನು ವಿಮರ್ಶಿಸುತ್ತಿದ್ದರು. ಈ ತಿಂಗಳ ಸರದಿ ಕಾಂತರಾಜುವಿನದು. ಲೇಖಕಿಯೇ ಬಂದು ಎದುರಿಗೆ ಕೂರಲಿದ್ದಾಳೆಂದು ಆ ಕಾಲೇಜಿನ ಪ್ರಾಂಶುಪಾಲ ನಟರಾಜು ನಿನ್ನೆ ಸಂಜೆ ಫೋನಿನಲ್ಲಿ ಹೇಳಿ, "ಗಟ್ಟಿಯಾಗ್ ಓದ್ಕೊಂಡ್ ಬನ್ನಿ, ಮಾನ ಕಳೀಬೇಡಿ" ಎಂದು ಸೇರಿಸಿದ್ದನು.

ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿ ನೆಟ್ಟರೆ, ಅಲ್ಲಿ ನಿಲ್ಲಬೇಕಾದ ಮನಸ್ಸು ಕೋಷ್ಟಕದ ಕಂಬಸಾಲುಗಳ ನಡುವೆ ಅಲೆಯುತ್ತಿತ್ತು. ಮಠದ ಪಾಠಶಾಲೆಯಲ್ಲಿ ತರ್ಕ ಓದುತ್ತಿದ್ದ ಕಾಲದಲ್ಲಿ, ವಿಭೂತಿ ಒಣಗುವ ಮುಂಚಿನ ಚಳಿಯಲ್ಲಿ, ಇನ್ನು ಮುಂದೆ ಅಸತ್ಯವಾಡುವುದಿಲ್ಲವೆಂದು ಅವನು ತನಗೆ ತಾನೇ ನೇಮ ಮಾಡಿಕೊಂಡಿದ್ದನು. ಆ ನೇಮದಿಂದ ಲೋಕಕ್ಕೆ ಹೆಚ್ಚಿನ ಉಪಕಾರವಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಒಬ್ಬಟ್ಟು ಬಡಿಸಿ ಹೇಗಿದೆಯೆಂದು ಕೇಳಿದಾಗ, ಕಣ್ಣು ಮುಚ್ಚಿ ವಿಚಾರ ಮಾಡಿ, ಕಣಕ ಹೆಚ್ಚಾಗಿ ಹೂರಣ ಕಡಿಮೆಯಾಗಿದೆಯೆಂದು ಉತ್ತರಿಸಿದ್ದನು. ಆ ಅತ್ತೆ ಮೊಮ್ಮಗು ಹುಟ್ಟುವವರೆಗೆ ಅವನೊಡನೆ ಮಾತಾಡಲಿಲ್ಲ. ಹೀಗೆ ಸತ್ಯಕ್ಕಾಗಿ ಒಬ್ಬಟ್ಟನ್ನೇ ಕಳೆದುಕೊಂಡವನ ತಾಯಿ ಸುಳ್ಳುಗಾತಿಯೆಂದು ಅಚ್ಚಾಗಿದೆ. ಇದನ್ನು ಅಳಿಸಬೇಕು. ವಿಮರ್ಶಕನಿಗೆ ವಿಷಯದಲ್ಲಿ ಸ್ವಂತ ಸಂಬಂಧವಿದ್ದರೆ ಮೊದಲೇ ತಿಳಿಸಬೇಕೆಂಬ ನಿಯಮವನ್ನು ಅವನೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದನು. ತಿಳಿಸಿದರೆ ತಾಯಿಯ ಪರ ವಕಾಲತ್ತು ವಹಿಸಿದ್ದಾನೆಂದು ಸಭೆ ನಗುತ್ತದೆ, ತಿಳಿಸದಿದ್ದರೆ ನೇಮ ಮುಕ್ಕಾಗುತ್ತದೆ. ಮಂತ್ರ ಎಲ್ಲಿಗೆ ಬಂದಿತ್ತೆಂಬುದು ಮರೆತು ಮೊದಲಿನಿಂದ ಹಿಡಿದನು. ಪೂಜೆ ಮುಗಿಯುವ ಹೊತ್ತಿಗೆ ಬಸ್ಸಿನ ಸಮಯವಾಗಿತ್ತು. ಪೂಜೆಗೆ ಮುಂಚೆ ತಿನ್ನುವ ಹಾಗಿರಲಿಲ್ಲ, ಪೂಜೆಯ ಮೇಲೆ ತಿನ್ನಲು ಮನೆಯಲ್ಲಿ ಏನೂ ಇರಲಿಲ್ಲ. ಹೆಂಡತಿ ರಾಣಿ ತಂಗಿಯ ಬಾಣಂತನಕ್ಕೆಂದು ಕೋಟೆಗೆ ಹೋಗಿದ್ದಳು.

ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಸೋಫಾ ಹೊಲಿಯುವ ಪೀರ್ ಸಾಬರು ಅಂಗಡಿಯ ಹೊಸ್ತಿಲಲ್ಲಿ ಟಿಫಿನ್ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದರು. ಕಾಂತರಾಜುವನ್ನು ಕಂಡು ಡಬ್ಬಿಯನ್ನು ಅವನತ್ತ ಇಷ್ಟು ಸರಿಸಿ, "ನಾಷ್ಟಾ ಆಯ್ತಾ ಮೇಷ್ಟ್ರೆ?" ಎಂದರು.

"ಆಯ್ತು ಸಾಬ್ರೆ, ಈಗ ತಾನೆ."

"ಏನ್ ಮಾಡಿದ್ರು ಮನೇಲಿ?"

"ಉಪ್ಪಿಟ್ಟು."

"ಉಪ್ಪಿಟ್ಟಾ!" ಎಂದು ಪೀರ್ ಸಾಬರು ಮರುಗಿದರು. "ಹೋಗ್ಲಿ ಬುಡಿ, ಮಧ್ಯಾಹ್ನಕ್ಕಾದ್ರೂ ಏನಾದ್ರೂ ಒಳ್ಳೇದು ಸಿಕ್ಲಿ."

ಬಸ್ಸು ಹತ್ತಿ ಕುಳಿತ ಮೇಲೆ ಮೈ ಬಿಸಿಯಾಯಿತು. 'ಆಯ್ತು' ಎಂಬುದನ್ನು ತಾನು ಹೇಳಲಿಲ್ಲ, ಅದು ತಾನಾಗಿಯೇ ಹೊರಟಿತು. ಕೆಮ್ಮು ಬಂದಂತೆ, ದೇವಸ್ಥಾನದ ಮುಂದೆ ಹಾಯುವಾಗ ಕೈ ಎದೆಗೆ ಹೋದಂತೆ. ಅದರ ಮಟ್ಟಿಗೆ ಸಮಾಧಾನ ಹುಡುಕಬಹುದು. ಆದರೆ ಉಪ್ಪಿಟ್ಟು? ರವೆ ಹುರಿದು, ಒಗ್ಗರಣೆ ಕೊಟ್ಟು, ಇಲ್ಲದ ಹೆಂಡತಿಯ ಕೈಯಲ್ಲಿ ಅದನ್ನು ಬೇಯಿಸಿದವನು ತಾನೇ. ಪ್ರಿಯವಾದುದನ್ನು ನುಡಿಯಲು ಧರ್ಮಶಾಸ್ತ್ರಕಾರರು ಅಲ್ಲಲ್ಲಿ ಅವಕಾಶ ಮಾಡಿಕೊಟ್ಟಿದ್ದಾರೆ; ಉಪ್ಪಿಟ್ಟಿಗೆ ಮಾತ್ರ ಯಾವ ಸ್ಮೃತಿಯಲ್ಲಿಯೂ ವಿನಾಯಿತಿ ಇಲ್ಲ, ಅದರಲ್ಲೂ ಕೇಳಿದವರಿಗೇ ಅದು ಅಪ್ರಿಯವಾಗಿದ್ದಾಗ. ಬಸ್ಸಿನ ಮೇಲೆ ಹೇರಿದ್ದ ಹೊಗೆಸೊಪ್ಪಿನ ಬೇಲುಗಳ ಸಿಹಿ ಕಟು ವಾಸನೆ ಕಿಟಕಿಯಿಂದ ಇಳಿಯುತ್ತಿತ್ತು. ಮುಂದಿನ ಸೀಟಿನ ಹೆಂಗಸು ಪುಳಿಯೋಗರೆಯ ಪೊಟ್ಟಣ ಬಿಚ್ಚಿದಾಗ ಅವನ ಬಾಯಲ್ಲಿ ನೀರೂರಿ, ಪ್ರಬಂಧದ ಅಕ್ಷರಗಳು ಎಳ್ಳಿನಂತೆ ಕಂಡವು. ಹಾರನಹಳ್ಳಿಯ ಮನೆಯಲ್ಲಿ, ಉಣ್ಣುವ ಹೊತ್ತಿಗೆ ಸರಿಯಾಗಿ ಜಗಲಿಗೆ ಬರುತ್ತಿದ್ದ ನೆಂಟರು ನೆನಪಾದರು. ಅವ್ವ ಒಳಗಿನಿಂದ ಕೂಗಿ ಕೇಳುವಳು, ಊಟ ಆಯ್ತಾ? ಆಯ್ತು ಕಣವ್ವ, ಈಗ ಉಂಡ್ಕೊಂಡೇ ಬಂದೆ. ಅಂಗಂದ್ರೆ ಆಯ್ತದಾ, ಒಂದು ಮುದ್ದೆ ಹಾಕ್ತೀನಿ. ಅಯ್ಯೋ ಬ್ಯಾಡ ಕಣವ್ವ, ಹೊಟ್ಟೆ ಭಾರ. ಅವ್ವ ಮೂರನೆಯ ಸಲ ಬಾಯಲ್ಲಿ ಕೇಳದೆ, ಕೈ ತೊಳೆಯಲು ನೀರಿಟ್ಟೇ ಕೇಳುವಳು. ನೆಂಟ ನಿಟ್ಟುಸಿರುಬಿಟ್ಟು, ಅಂಗಾದ್ರೆ ಒಂದೇ ಒಂದು, ಎಂದು ಎದ್ದು ಮೂರು ಮುದ್ದೆ ಉಣ್ಣುವನು. ಕಾಂತರಾಜು ನೆಟ್ಟಗೆ ಕುಳಿತನು. ಮೂರನೆಯ ಸಲದ ಉತ್ತರವೇ ಉತ್ತರ. ಮೊದಲನೆಯದು ಮುಗುಳುನಗೆ, ಎರಡನೆಯದು ಮರ್ಯಾದೆ. ಶಾಮಿಯಾನದ ಬಾಗಿಲಲ್ಲಿದ್ದ ಹುಡುಗಿ ಕೇಳಿದ್ದು ಒಂದೇ ಸಲ! ಅಳತೆ ಮುಗಿಯುವ ಮೊದಲೇ ಅಳತೆಗೋಲನ್ನು ಎತ್ತಿಬಿಟ್ಟಿದ್ದಾರೆ. ಹರ್ಷದಿಂದ ಅಂಚಿನಲ್ಲಿ ಬರೆದುಕೊಂಡನು. ಹಾಗಾದರೆ ಪೀರ್ ಸಾಬರು ಇನ್ನೆರಡು ಸಲ ಏಕೆ ಕೇಳಲಿಲ್ಲ? ಉಪ್ಪಿಟ್ಟಿನ ಮಾತು ಅಡ್ಡ ಬಂದುಬಿಟ್ಟಿತು. ಸುಳ್ಳಿಗೆ ವಿವರ ಸೇರಿಸಬಾರದಿತ್ತು.

ಕೆ.ಆರ್. ನಗರದಲ್ಲಿ ಇಳಿದಾಗ ಸಾಲಿಗ್ರಾಮದ ಬಸ್ಸಿನ ಕಿಟಕಿಯಿಂದ ಯಾರೋ ಅವನ ಹೆಸರು ಕೂಗಿದರು. ತಾಯಿಯ ತಂಗಿ ಸೋಮಮ್ಮ. ಬಸ್ಸು ಹೊರಡುವುದರಲ್ಲಿತ್ತು. "ಏನಪ್ಪಾ ಕಾಂತಣ್ಣ, ಚೆನ್ನಾಗಿದ್ದೀಯಾ? ತಿಂಡಿ ಆಯ್ತಾ?"

ಪ್ರಯೋಗಕ್ಕೆ ಇದೇ ತಕ್ಕ ಗಳಿಗೆಯೆಂದು ಅವನಿಗೆ ತೋರಿತು. ಪ್ರಬಂಧದಲ್ಲಿ ಹೋಲಿಸಿ ನೋಡಲು ಒಂದು ನಿಯಂತ್ರಿತ ಗುಂಪೇ ಇರಲಿಲ್ಲ. ಕೇಳಿದೊಡನೆ ನಿಜ ಹೇಳಿದರೆ ಏನಾಗುತ್ತದೆಂದು ಅವರು ನೋಡಿಯೇ ಇರಲಿಲ್ಲ. ತಾನು ನೋಡುತ್ತಾನೆ. ಹಲ್ಲು ಕಚ್ಚಿ, ಹೊರಡಲು ಸಿದ್ಧವಾಗಿದ್ದ ಅಭ್ಯಾಸದ ಮಾತನ್ನು ಹಿಂದಕ್ಕೆ ತಳ್ಳಿ, "ಇಲ್ಲ ಚಿಕ್ಕವ್ವ" ಎಂದನು.

ಸೋಮಮ್ಮನ ಮುಖದ ಮೇಲಿನ ನಗೆ ಇಳಿಯದೆ, ಹಾಗೆಯೇ ಗಟ್ಟಿಯಾಯಿತು. "ಇಲ್ವಾ?"

"ಇಲ್ಲ."

"ಇಲ್ಲ ಅಂದ್ರೆ... ಏನೂ ತಿಂದಿಲ್ವಾ? ಯಾಕ್ಲಾ? ರಾಣಿ ಏನಂದ್ಲು? ಜಗಳಾನಾ?" ಅವಳು ಎದ್ದಳು. "ನಿಲ್ಸಪ್ಪೋ ಬಸ್ಸಾ! ನಮ್ಮಕ್ಕನ ಮಗ ಅಸ್ಕೊಂಡು ನಿಂತವ್ನೆ, ಇಳೀಬೇಕು!" ಕುಕ್ಕೆ, ಚೀಲ, ಕೋಳಿ ಕಟ್ಟಿದ್ದ ಬುಟ್ಟಿ ಒಂದೊಂದಾಗಿ ಬಾಗಿಲ ಕಡೆ ಚಲಿಸತೊಡಗಿದವು. ಕಂಡಕ್ಟರು ಸೀಟಿ ಊದಿ, "ಅಜ್ಜೀ, ಇಳಿಯೋದಾದ್ರೆ ಇಳಿ, ಅಡುಗೆ ಮಾಡೋವರ್ಗೂ ಕಾಯಕ್ಕಾಗಲ್ಲ" ಎಂದನು. ಬಸ್ಸಿನ ಎಡಬದಿಯ ಕಿಟಕಿಗಳೆಲ್ಲ ಮುಖಗಳಾಗಿ, ಹೆಂಡತಿ ಉಪವಾಸ ಕೆಡವಿದ ಮೇಷ್ಟ್ರನ್ನು ಅನುಕಂಪದಿಂದ ನೋಡಿದವು. ಕಾಂತರಾಜು ಬೆವರಿದನು.

"ಅಯ್ಯೋ ಕೂತ್ಕೊ ಚಿಕ್ಕವ್ವ, ತಮಾಷೆಗಂದೆ! ಆಯ್ತು, ಆಗ್ಲೇ ಆಯ್ತು!"

"ಥೂ ನಿನ್ನ, ಮೇಷ್ಟ್ರಾಗಿ ಇಂಥಾ ತಮಾಷೆಯೇನ್ಲಾ?" ಎಂದು ಸೋಮಮ್ಮ ಕುಸಿದು ಕುಳಿತಳು. ಬಸ್ಸು ಹೋಯಿತು. ಬೆಳಗಿನಿಂದ ಆಡಿದ ಒಂದೇ ಒಂದು ಸತ್ಯವನ್ನು ಸುಳ್ಳೆಂದು ಸಾರ್ವಜನಿಕವಾಗಿ ಒಪ್ಪಿಕೊಂಡು ಕಾಂತರಾಜು ಧೂಳಿನಲ್ಲಿ ನಿಂತಿದ್ದನು. ಹೋಟೆಲು ಎದುರಿಗೇ ಇತ್ತು. ಆದರೆ ಆ ಕಿಟಕಿಗಳ ಮುಖಗಳಲ್ಲಿ ಒಂದಾದರೂ ತಿರುಗಿ ನೋಡಿದರೆ, ತಿಂಡಿ ಆಗಿದೆಯೆಂದವನು ಹೋಟೆಲಿಗೆ ನುಗ್ಗುವುದು ಕಂಡರೆ? ಕಾಲೇಜಿನ ದಾರಿ ಹಿಡಿದನು. ಅರ್ಧ ದಾರಿಯಲ್ಲಿ ಫೋನು ಬಂತು. ಅವ್ವ.

"ಏನ್ಲಾ ಕಾಂತ, ಬಸ್‌ಸ್ಟ್ಯಾಂಡಲ್ಲಿ ಅಸ್ಕೊಂಡು ನಿಂತಿದ್ದಂತೆ? ಸೋಮಿ ಬಸ್ಸಿಂದ್ಲೇ ಫೋನ್ ಮಾಡಿ ಗೋಳಾಡ್ತಾವ್ಳೆ."

"ತಮಾಷೆಗಂದೆ ಕಣವ್ವ. ಆಯ್ತು."

"ಏನ್ ತಿಂದೆ?"

"ಉಪ್ಪಿಟ್ಟು." ಉಪ್ಪಿಟ್ಟಿಗೆ ಈಗ ಇಬ್ಬರು ಸ್ವತಂತ್ರ ಸಾಕ್ಷಿಗಳಾಗಿದ್ದರು. ಅವನು ಬೇಗ ಮಾತು ಬದಲಿಸಿದನು. "ಅವ್ವ, ಕಾರ್ತೀಕದಲ್ಲಿ ರಕ್ತ ತೆಗೆಯೋ ಕ್ಯಾಂಪಿಗೆ ಹೋಗಿದ್ದಲ್ಲ, ಬಾಗಿಲಲ್ಲಿ ಒಂದು ಹುಡುಗಿ ತಿಂಡಿ ಆಯ್ತಾ ಅಂತ ಕೇಳಿದ್ಲಾ?"

"ಊ ಕಣಪ್ಪ, ಕೇಳ್ತು. ಪಾಪ, ಕಡ್ಡಿ ಇದ್ದಂಗಿತ್ತು ಮಗ. ಆಯ್ತು ಕಣವ್ವ ಅಂದೆ."

"ಆಗಿರ್ಲಿಲ್ಲ ತಾನೆ? ಸುಮ್ನೆ ಮಾತಿಗಂದದ್ದು?"

"ಮಾತಿಗ್ಯಾಕೆ ಅನ್ಲಿ? ಆಗಿತ್ತು. ಎರಡು ರೊಟ್ಟಿ ತಿಂದ್ಕೊಂಡೇ ಓಗಿದ್ದೆ. ಖಾಲಿ ಒಟ್ಟೇಲಿ ರಕ್ತ ಕೊಟ್ಟು ಅಲ್ಲೇ ಬಿದ್ರೆ ಯಾರ್ಲಾ ಎತ್ತೋರು?"

ಕಾಂತರಾಜು ರಸ್ತೆಯ ನಡುವೆ ನಿಂತನು. ಹಿಂದಿನಿಂದ ಬಂದ ಆಟೋ ಬೈದುಕೊಂಡು ಸುತ್ತಿ ಹೋಯಿತು. "ಮತ್ತೆ ಒಳಗೆ ನರ್ಸ್ ಕೇಳ್ದಾಗ?"

"ಏನೂ ತಿಂದಿಲ್ಲ ತಾನೆ ಅಜ್ಜಿ ಅಂತ, ಇಲ್ಲ ಅನ್ಲೇಬೇಕು ಅನ್ನೋ ಅಂಗೆ ಕೇಳ್ತಲ್ಲ. ಅಷ್ಟು ಆಸೆಯಿಂದ ಕೇಳ್ದಾಗ ತಿಂದೆ ಅಂತ ಎಂಗ್ಲಾ ಅನ್ನೋದು? ಇಲ್ಲ ಅಂದೆ. ಖುಷಿಯಾಯ್ತು ಅದ್ಕೆ."

"ಅವ್ವ! ಆ ಟೆಸ್ಟ್ ನೋಡ್ಕೊಂಡಲ್ವಾ ನಾನು ನಿನ್ನ ಕಾಫಿಗೆ ಸಕ್ಕರೆ ನಿಲ್ಲಿಸಿದ್ದು?"

"ಊ. ಅವತ್ತಿಂದ ಚಪ್ಪೆ ನೀರು ಕುಡೀತಾ ಇವ್ನಿ."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿ, ಆ ನರ್ಸಮ್ಮನ ಕಣ್ಣಲ್ಲಿ ಸುಳ್ಳಿ ಆಗ್ಲಾ? ದಿನಾ ಮನೆ ಮುಂದೆ ಓಡಾಡ್ತಳೆ, ಅಜ್ಜಿ ಅಜ್ಜಿ ಅಂತಳೆ. ಸಕ್ಕರೆ ಓದ್ರೆ ಓಗ್ಲಿ. ಯಾರ್ಗೂ ಹೇಳ್ಬ್ಯಾಡ ಕಣ್ಲಾ. ನನ್ನಾಣೆ?"

"ನಿನ್ನಾಣೆ" ಎಂದನು ಕಾಂತರಾಜು. ಫೋನು ಇಟ್ಟ ಮೇಲೆಯೇ ಅವನಿಗೆ ತಾನು ಏನನ್ನು ಕೈಯಾರೆ ಕೊಟ್ಟೆನೆಂಬುದು ಹೊಳೆದದ್ದು. ಒಬ್ಬಳೇ ಹೆಂಗಸು ಎರಡು ಕಡೆ ಎರಡು ಬಗೆಯಾಗಿ ನುಡಿದಿದ್ದಾಳೆ. ಎರಡರಲ್ಲಿ ಯಾವುದು ನಿಜ? ನರ್ಸಿಗೆ ಹೇಳಿದ್ದೇ ನಿಜವೆಂದು ಪ್ರಬಂಧ ಹಿಡಿದುಕೊಂಡಿದೆ. ಏಕೆಂದು ಎಲ್ಲಿಯೂ ಹೇಳಿಲ್ಲ. ಎರಡು ಪಕ್ಷಗಳಿರುವಾಗ ಒಂದೇ ಸರಿಯೆನ್ನಲು ಕಾರಣ ಇಲ್ಲದಿರುವುದಕ್ಕೆ ನೈಯಾಯಿಕರು ವಿನಿಗಮನಾವಿರಹವೆಂದು ಹೆಸರಿಟ್ಟು ಎಷ್ಟೋ ಶತಮಾನಗಳಾದವು. ಅದನ್ನು ಬಾಯಿಪಾಠ ಮಾಡಿದವನಿಗೆ ಬೆಳಗಿನಿಂದ ಪ್ರಬಂಧ ಓದುತ್ತಿದ್ದರೂ ಕಂಡಿರಲಿಲ್ಲ! ಇಡೀ ಪ್ರಬಂಧವನ್ನು ಕೆಡವಲು ಈ ಒಂದು ಏಟು ಸಾಕು. ಅವ್ವ ಬಾಗಿಲಲ್ಲಿ ಆಡಿದ್ದು ಶುದ್ಧ ಸತ್ಯ. ಆದರೆ ಬಾಗಿಲ ಸತ್ಯವನ್ನು ಸ್ಥಾಪಿಸಬೇಕಾದರೆ ಮೇಜಿನ ಬಳಿಯ ಸುಳ್ಳನ್ನು ಹೊರಹಾಕಬೇಕು. ಒಂದು ಸುಳ್ಳಿನಿಂದ ತಾಯಿಯನ್ನು ಬಿಡಿಸಲು ಇನ್ನೊಂದು ಸುಳ್ಳಿಗೆ ಅವಳನ್ನು ಒಪ್ಪಿಸಬೇಕು. ಅದೂ ನಾಲ್ಕು ತಾಲ್ಲೂಕುಗಳ ಅಧ್ಯಾಪಕರ ಮುಂದೆ, ಸಂಜೆಯೊಳಗೆ ಹಾರನಹಳ್ಳಿಯ ನರ್ಸಿಗೆ ಮುಟ್ಟುವಂತೆ. ಸಕ್ಕರೆಯ ವಿಷಯವನ್ನು, ಮುಂದಿನ ವಾರ ಬೇರೆ ಊರಿಗೆ ಕರೆದೊಯ್ದು ಮತ್ತೊಮ್ಮೆ ರಕ್ತ ತೋರಿಸಿ, ಹೇಗೋ ಸರಿಪಡಿಸಬಹುದು. ಈ ಏಟನ್ನು ಮಾತ್ರ ಎತ್ತಿದ ಕೈಯಲ್ಲಿಯೇ ಹಿಡಿದಿರಬೇಕು.

ಕಾಲೇಜಿನ ವರಾಂಡದಲ್ಲಿ ಇಡ್ಲಿಯ ತಟ್ಟೆಗಳು ಸಾಗುತ್ತಿದ್ದವು. ನಟರಾಜು ಕೈ ಹಿಡಿದುಕೊಂಡು, "ಬನ್ನಿ ಬನ್ನಿ. ತಿಂಡಿ ಆಯ್ತಾ?" ಎಂದನು. ಆಯಿತೆಂದಿತು ಬಾಯಿ. ಇನ್ನೆರಡು ಸಲ ಕೇಳಲೆಂದು ಕಾಂತರಾಜು ಅವನ ಮುಖವನ್ನೇ ದೀನನಾಗಿ ನೋಡುತ್ತ ನಿಂತನು. "ಇವರ್ದು ಆಯ್ತಂತೆ, ಆ ತಟ್ಟೆ ಆಫೀಸಿಗೆ ಕೊಟ್ಬಿಡ್ರಪ್ಪ" ಎಂದು ನಟರಾಜು ಮುಂದೆ ನಡೆದನು.

ಡಾಕ್ಟರ್ ಆಯೇಷಾ ತೆಳ್ಳಗೆ, ಬಹಳ ತೆಳ್ಳಗೆ, ಮೊದಲ ಸಾಲಿನಲ್ಲಿ ಕುಳಿತಿದ್ದಳು. ಬಸ್ಸು ಕೆಟ್ಟು ತಡವಾಗಿ ಬಂದವಳು ನೇರವಾಗಿ ಸಭೆಗೇ ಬಂದಿದ್ದಳು. ಕಾಂತರಾಜು ಮಾತಿಗೆ ನಿಂತಾಗ ಹಸಿವೆಯಿಂದ ಅವನ ಧ್ವನಿಗೆ ಒಂದು ಬಗೆಯ ತಪಸ್ವಿಯ ಗಾಂಭೀರ್ಯ ಬಂದಿತ್ತು. ಸುಳ್ಳೆಂದರೇನೆಂದು ಲಕ್ಷಣ ಹೇಳದೆ ಅದನ್ನು ಅಳೆದದ್ದು ಮೊದಲನೆಯ ದೋಷ. ಕೇಳಿದವರು ನಂಬಲೆಂಬ ಉದ್ದೇಶವಿದ್ದರೆ ತಾನೆ ಸುಳ್ಳು? ತಪಾಸಣೆಯ ನೆಪದಲ್ಲಿ ಜನರನ್ನು ಕರೆಸಿ, ಅವರಿಗೆ ತಿಳಿಯದಂತೆ ಅವರ ಮಾತನ್ನು ಪರೀಕ್ಷಿಸಿದ್ದು ಎರಡನೆಯದು. ಸುಳ್ಳನ್ನು ಹುಡುಕಲು ಹೊರಟವರು ಮೊದಲು ಒಂದನ್ನು ತಾವೇ ಹೇಳಿದಂತಾಯಿತು. ನಿಯಂತ್ರಿತ ಗುಂಪಿಲ್ಲದ್ದು ಮೂರನೆಯದು. ಕೊನೆಗೆ ಮೂರು ಸಲ ಕೇಳುವ ಪದ್ಧತಿಯ ವಿಷಯಕ್ಕೆ ಬಂದು ಅವನು ಅದನ್ನು ವಿಸ್ತರಿಸಿದನು. ಮುಗಿಸಿದರೆ ನಾಲ್ಕನೆಯ ಪುಟದ ಆ ಹೆಂಗಸಿನ ಕಡೆಗೆ ಮಾತು ತಿರುಗುತ್ತದೆಂಬ ಭಯದಿಂದ ಮತ್ತಷ್ಟು ವಿಸ್ತರಿಸಿದನು. ಮಧ್ಯಾಹ್ನದ ಒಂದು ಗಂಟೆ ದಾಟಿತು. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂಬಾಗಿಲಿನಿಂದ ಹೊರಟು, ಸ್ವಲ್ಪ ಹೊತ್ತಿನ ಮೇಲೆ ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತ ಮರಳುವುದನ್ನೂ, ಅವರೊಡನೆ ಹುರುಳಿಕಾಳು ಸಾರಿನ ಗಾಳಿ ಒಳಬರುವುದನ್ನೂ ಅವನು ವೇದಿಕೆಯಿಂದ ಕಂಡನು. ಮರಳಿದವರು ಮೊದಲಿಗಿಂತ ಹೆಚ್ಚಿನ ತನ್ಮಯತೆಯಿಂದ ತಲೆದೂಗುತ್ತಿದ್ದರು.

ಆಯೇಷಾ ಎದ್ದು ನಿಂತಳು. "ಮೂರು ಸಲ ಕೇಳಬೇಕು ಅನ್ನೋದು ನನಗೆ ಹೊಳೆದಿರಲಿಲ್ಲ ಸರ್. ಒಪ್ಕೋತೀನಿ. ಜನರಿಗೆ ತಿಳಿಸದೆ ಮಾಡಿದ್ದು ನನಗೂ ಚುಚ್ಚುತ್ತೆ. ಆದ್ರೆ ಸುಳ್ಳು ಅಂತ ಯಾಕೆ ಬರೆದೆ ಅಂತ ಹೇಳ್ತೀನಿ. ನಮ್ಮ ದಾದಿ, ಅಂದ್ರೆ ಅಜ್ಜಿ, ಬೀಬಿಜಾನ್ ಅಂತ, ಪಿರಿಯಾಪಟ್ಟಣದವರು. ನಾವು ಮಕ್ಕಳೆಲ್ಲ ಉಂಡೆದ್ದ ಮೇಲೆ ಕೇಳ್ತಿದ್ವಿ, ನಿಮ್ಮದು ಆಯ್ತಾ ದಾದಿ ಅಂತ. ಆಯ್ತು ಅನ್ನೋರು. ನಾವೂ ಒಂದೇ ಸಲ ಕೇಳ್ತಿದ್ವಿ. ಎರಡನೇ ಸಲ ಕೇಳೋಕೆ ಪಾತ್ರೇಲಿ ಏನೂ ಇರ್ತಿರ್ಲಿಲ್ಲ. ಅದು ಮರ್ಯಾದೆ ಅಂತ ಎಲ್ಲರೂ ಹೊಗಳಿದ್ರು. ಒಬ್ಬರಾದ್ರೂ ಅದನ್ನ ಸುಳ್ಳು ಅಂತ ಬರೀದಿದ್ರೆ, ಅವರು ಹಸಿದಿದ್ರು ಅನ್ನೋದು ಎಲ್ಲೂ ದಾಖಲಾಗೋದೇ ಇಲ್ಲ."

ಕಾಂತರಾಜುವಿಗೆ, ಎಲ್ಲ ನೆಂಟರಿಗೂ ಮುದ್ದೆ ಬಡಿಸುತ್ತಿದ್ದ ಅವ್ವ ತಾನು ಉಣ್ಣುತ್ತಿದ್ದುದನ್ನು ನೋಡಿದ ನೆನಪು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವಳನ್ನು ಯಾರು ಮೂರು ಸಲ ಕೇಳಿದ್ದರು? ಆ ಪ್ರಶ್ನೆಯನ್ನು ಸಹಿಸಲಾರದೆ, ಗೆಲ್ಲಲೇಬೇಕೆಂಬ ಹಟದಲ್ಲಿ ಅವನು ಮುಂದೆ ಬಾಗಿದನು. "ಆದರೂ ಮೇಡಂ, ಒಂದು ಪ್ರತ್ಯಕ್ಷ ಪ್ರಮಾಣ ನೋಡೋಣ. ಈ ನೆಲದ ನಾಲಗೆಗೆ ಬೇರೆ ಉತ್ತರ ಬರೋದೇ ಇಲ್ಲ. ಊಟ ಆಯ್ತಾ?"

"ಇಲ್ಲ ಸರ್" ಎಂದಳು ಆಯೇಷಾ. "ಬೆಳಗ್ಗೆ ತಿಂಡೀನೂ ಆಗಿಲ್ಲ."

ಮುಂದಿನದು ಸೋಮಮ್ಮನ ಬಸ್ಸಿಗಿಂತ ಭಯಂಕರವಾಗಿತ್ತು. ನಟರಾಜು ಕುರ್ಚಿ ಕೆಡವಿಕೊಂಡು ಎದ್ದನು. "ಅಯ್ಯಯ್ಯೋ! ಮೇಡಂಗೆ ಊಟ ಆಗಿಲ್ವಾ? ಯಾರ್ರೀ ಹೊರಗಿರೋರು! ಏನುಳಿದದೆ?"

"ಸಾರೈತೆ ಸಾ, ಅನ್ನ ಮುಗೀತು" ಎಂದಿತು ಹೊರಗಿನ ಧ್ವನಿ. ಉಂಡು ಬಂದಿದ್ದವರೆಲ್ಲ ಒಟ್ಟಿಗೆ ನೆಲ ನೋಡಿದರು. ನಟರಾಜು ಬಾಗಿಲ ಕಡೆ ಧಾವಿಸುತ್ತ ವೇದಿಕೆಯತ್ತ ಹಲ್ಲು ಕಡಿದನು. "ಬೇಕಿತ್ತೇನ್ರೀ ಕಾಂತರಾಜು ಇದು? ಕೇಳೋದನ್ನ ಗುಟ್ಟಾಗಿ ಕೇಳ್ಬಾರ್ದಾಗಿತ್ತಾ? ನಾಲ್ಕು ಜನದ ಮುಂದೆ ಇಲ್ಲ ಅನ್ಸಿಬಿಟ್ರಲ್ಲ!"

ಆಯೇಷಾ ನಗುತ್ತಿದ್ದಳು. "ನಿಜ ಹೇಳಿದ್ರೆ ಏನಾಗುತ್ತೆ ಅಂತ ಈಗ ಗೊತ್ತಾಯ್ತು ಸರ್, ನಿಮ್ಮ ಕಂಟ್ರೋಲ್ ಗ್ರೂಪ್ ಸಿಕ್ಕಿತು. ಅಂದ ಹಾಗೆ, ನಿಮ್ಮದು ಆಯ್ತಾ?"

"ಆಯ್ತು ಮೇಡಂ."

"ನಿಜವಾಗಿ?"

"ಅಯ್ಯೋ, ಆಯ್ತು ಅಂದೆನಲ್ಲ."

"ಇದು ಮೂರನೇ ಸಲ. ಆಯ್ತಾ?"

"ಇಲ್ಲ" ಎಂದನು ಕಾಂತರಾಜು. "ಬೆಳಗ್ಗೆಯಿಂದ ಏನೂ ಇಲ್ಲ."

ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ಮೂರು ಸಲದ ಸಿದ್ಧಾಂತ ಎಲ್ಲರ ಕಣ್ಣೆದುರಿಗೆ ನಿಂತಿತು. ಅದಕ್ಕೆ ದೃಷ್ಟಾಂತವಾಗಿ ಅವನ ಹೊಟ್ಟೆಯೂ ನಿಂತಿತು. ಆ ಉಲ್ಲಾಸದಲ್ಲಿ, ಹಸಿವೆಯ ತೇಲುವಿಕೆಯಲ್ಲಿ, ಬೆಳಗಿನಿಂದ ಗಂಟಲಲ್ಲಿದ್ದುದು ಹೊರಬಂತು. "ಇನ್ನೊಂದು ಮಾತು. ಮೊದಲೇ ಹೇಳಬೇಕಿತ್ತು. ನಾಲ್ಕನೇ ಪುಟದಲ್ಲಿ ನೆಟಿಕೆ ಮುರಿದ ಅಜ್ಜಿ ನಮ್ಮವ್ವ. ಹಾರನಹಳ್ಳಿ ಶಿವನಂಜಮ್ಮ."

"ಆ ಅಜ್ಜಿನಾ!" ಆಯೇಷಾಳ ಕೈ ತನ್ನ ಗಲ್ಲಕ್ಕೆ ಹೋಯಿತು. "ಬಾಗಿಲಲ್ಲಿ ನಿಂತಿದ್ದವಳು ನಾನೇ ಸರ್! ಹೇಗಿದ್ದಾರೆ?" ಆಮೇಲೆ ಅವಳ ಕಣ್ಣುಗಳು ಕಿರಿದಾದವು, ಮೊಮ್ಮಗಳು ಹೋಗಿ ಸಂಶೋಧಕಿ ಬಂದಳು. "ಒಂದು ಸಂಶಯ ಪ್ರಿಂಟಾದ ಮೇಲೆ ನನ್ನನ್ನ ಕಾಡ್ತಾ ಇದೆ. ನರ್ಸ್‌ಗೆ ಹೇಳಿದ್ದೇ ನಿಜ ಅಂತ ನಾನು ಇಟ್ಕೊಂಡುಬಿಟ್ಟೆ. ಅದೇ ಸುಳ್ಳಾಗಿದ್ರೆ? ಯಾರೂ ಇದನ್ನ ಕೇಳಲಿಲ್ಲ, ನೀವೂ ಕೇಳಲಿಲ್ಲ. ಅವತ್ತು ನಿಮ್ಮ ತಾಯಿ ನಿಜವಾಗಿ ತಿಂದಿರ್ಲಿಲ್ವಾ? ತಿಂದಿದ್ರು ಅಂತಾದ್ರೆ ಜರ್ನಲ್‌ಗೆ ತಿದ್ದುಪಡಿ ಬರೀತೀನಿ. ಆ ವಾಕ್ಯ ತೆಗೆಸ್ತೀನಿ."

ಅವಳು ಪೆನ್ನು ತೆರೆದು, ಪ್ರಬಂಧದ ನಾಲ್ಕನೆಯ ಪುಟ ಬಿಡಿಸಿ ಕಾದಳು. ಬೆಳಗಿನಿಂದ ಅವನು ಬೇಡಿಕೊಂಡದ್ದೆಲ್ಲ ಆ ಪೆನ್ನಿನ ತುದಿಯಲ್ಲಿತ್ತು. ಹೌದು ಎಂದರೆ ಸಾಕು. ಅದು ಸತ್ಯ, ತರ್ಕಶುದ್ಧ, ಅವನ ನೇಮಕ್ಕೆ ಅನುಗುಣ. ಹಿಂದಿನ ಸಾಲಿನಲ್ಲಿ ಪಿರಿಯಾಪಟ್ಟಣದ ಅಧ್ಯಾಪಕರು ಕತ್ತು ಚಾಚಿದ್ದರು. ಅವರಲ್ಲಿ ಒಬ್ಬನ ಹೆಂಡತಿ ಹಾರನಹಳ್ಳಿ ಕಡೆಯ ನರ್ಸುಗಳ ಮೇಲ್ವಿಚಾರಕಿ.

"ತಿಂದಿರಲಿಲ್ಲ" ಎಂದನು ಕಾಂತರಾಜು.

"ಖಂಡಿತಾ?"

"ತಿಂದಿರಲಿಲ್ಲ ಮೇಡಂ."

"ಇನ್ನೊಂದ್ಸಲ ಕೇಳ್ತೀನಿ ಸರ್, ನಿಮ್ಮ ಪದ್ಧತಿ ಪ್ರಕಾರಾನೇ. ಅವತ್ತು ಅವರದ್ದು ಖಾಲಿ ಹೊಟ್ಟೆನಾ?"

ಮೊದಲನೆಯದನ್ನು ಮುಗುಳುನಗೆಯೆನ್ನಬಹುದಿತ್ತು, ಎರಡನೆಯದನ್ನು ಮರ್ಯಾದೆಯೆನ್ನಬಹುದಿತ್ತು. ಮೂರನೆಯದಕ್ಕೆ ಅಡಗಲು ಎಲ್ಲಿಯೂ ಸ್ಥಳವಿಲ್ಲದಂತೆ ಅವನೇ ಎರಡು ಗಂಟೆ ಹೊತ್ತು ನಿಂತು ಉಪನ್ಯಾಸ ಮಾಡಿದ್ದನು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗಿಳಿಯುತ್ತಿರುವುದು ತಿಳಿಯುತ್ತಿತ್ತು. ಪಾಠಶಾಲೆಯ ಚಳಿ, ಒಬ್ಬಟ್ಟು, ಅತ್ತೆಯ ತಿರುಗಿಸಿದ ಮುಖ, ಇಷ್ಟು ವರ್ಷ ಕಾಪಾಡಿದ್ದೆಲ್ಲವೂ ಎದುರಿಗೆ ಬಂದು ಅವನನ್ನು ನೋಡಿದವು. ಅವನು ಅವುಗಳ ಕಡೆಗೆ ನೋಡಲಿಲ್ಲ.

"ಖಾಲಿ ಹೊಟ್ಟೆ" ಎಂದನು. "ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ನಮ್ಮವ್ವ ಅಂಥವಳಲ್ಲ ಮೇಡಂ. ನರ್ಸ್ ಖಾಲಿ ಹೊಟ್ಟೇಲಿ ಬಾ ಅಂದ್ರೆ ಖಾಲಿ ಹೊಟ್ಟೇಲೇ ಹೋಗೋಳು."

ಆಯೇಷಾ ಅವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆಮೇಲೆ, "ಸರಿ ಸರ್. ಹಾಗಾದ್ರೆ ಆ ವಾಕ್ಯ ಇದ್ದ ಹಾಗೇ ಇರಲಿ" ಎಂದು ಪೆನ್ನಿಗೆ ಮುಚ್ಚಳ ಹಾಕಿದಳು. ಆ ಸಣ್ಣ ಸದ್ದು ಕೇಳಿದ ಮೇಲೆಯೇ ಕಾಂತರಾಜು ಕುಳಿತನು.